ಬಳೆ ಬಿಚ್ಚಿಸುವ ಹಸನಬಿ

ಹಸನಬಿಯ ಸುದ್ದಿ ಫಕೀರವ್ವನ ಕಿವಿಗೆ ಮೊದಲು ಬಿದ್ದದ್ದು ಕರೋನಾ ಗದ್ದಲ ತಣ್ಣಗಾದ ಮರುವರ್ಷ, ಯುಗಾದಿ ಮುಗಿದು ನಾಲ್ಕನೆಯ ದಿನ. ರೋಣದ ತನ್ನ ಮನೆಯ ಮಾಳಿಗೆಯ ಮೇಲೆ ಶಾವಿಗೆ ಒಣಹಾಕಿ, ಕಾಗೆ ಬಾರದಂತೆ ಕೈಯಲ್ಲೊಂದು ಕೋಲು ಹಿಡಿದು ಕುಳಿತಿದ್ದಳು. ಕೆಳಗೆ ಓಣಿಯಲ್ಲಿ ದ್ಯಾಮವ್ವನ ದನಿ ಕೇಳಿಸಿತು. ದ್ಯಾಮವ್ವ ಪಕ್ಕದ ಮನೆಯ ಯಮನೂರಪ್ಪನ ಹೆಂಡತಿ. ಆಕೆ ಸಾವಕಾಶ ಮಾತಾಡಿದರೂ ಮೂರು ಮನೆಯ ದನಗಳು ಕಿವಿ ನಿಮಿರಿಸುತ್ತಿದ್ದವು.

“ಏ ಫಕೀರವ್ವಾ! ಕೆಳಗ ಇಳದ ಬಾರವಾ. ನನ್ನ ಕೈ ನೋಡ ಬಾ.”

“ಏನಾತ ನಿನ್ನ ಕೈಗೆ? ಹಾವ ಕಡದೈತೇನ?”

“ಹಾವಾದ್ರ ಔಷಧ ಇರತೈತಿ. ತಂಗೀ ಮಗಳ ಕೂಸು ನೋಡಾಕ ಅನಘಾ ಡಾಕ್ಟರ ದವಾಖಾನಿಗೆ ಹೋಗಿದ್ದೆ. ಅಲ್ಲೊಬ್ಬಾಕಿ ಹೊಸಾ ಆಯಾ ಬಂದಾಳ, ಹಸನಬಿ ಅಂತ. ಬಾಗಲದಾಗ ಅಡ್ಡ ನಿಂತು ನನಗ ಬಳಿ ತಗಿ ಅಂದ್ಲು! ತುಂಬಿದ ಮುತ್ತೈದಿಗೆ!”

“ಬಳಿ ಯಾಕಂತ?”

“ಕೂಸು ಎತ್ತಿಕೊಳ್ಳೋರು ಮೊಣಕೈತನಾ ತೊಳೀಬೇಕಂತ. ಬಳಿ ಸಂದ್ಯಾಗ ಹೊಲಸ ಕುಂದರತೈತಂತ. ಊರಿಗೆಲ್ಲಾ ಬಿಟ್ಟ ಕರೋನಾ ಈಕಿಗಿನ್ನೂ ಬಿಟ್ಟಿಲ್ಲ.”

“ನೀ ತಗದೇನ ಮತ್ತ?”

“ನನ್ನ ಗಂಡ ಇನ್ನೂ ಗಟ್ಟಿ ಅದಾನವಾ! ದೂರದಿಂದ ನೋಡಿ ಬಂದೆ. ಇನ್ನೊಂದ ಮಾತು ಹೇಳತೀನಿ, ಸಿಟ್ಟ ಆಗಬ್ಯಾಡ. ಎರಿಯಾಕ ಹೊರಗಿನ ಹೆಂಗಸರು ಬರೂದು ಬ್ಯಾಡ ಅಂತ ಆಕಿ ಡಾಕ್ಟರ ಕಿವಿ ಊದಾಕತ್ತಾಳಂತ.”

ಫಕೀರವ್ವನ ಕೈಯಲ್ಲಿದ್ದ ಕೋಲು ಅಲ್ಲೇ ನಿಂತಿತು. ಕಾಗೆ ಬಂದು ಶಾವಿಗೆಯ ಎಳೆ ಕಚ್ಚಿಕೊಂಡು ಹೋಯಿತು.

ರೋಣದಲ್ಲಿ ‘ಎರಿಯೋ ಫಕೀರವ್ವ’ ಎಂದರೆ ಬೇರೆ ಗುರುತು ಬೇಕಾಗಿರಲಿಲ್ಲ. ನಲವತ್ತು ವರ್ಷದಿಂದ ಊರಿನ ಹಸುಗೂಸುಗಳಿಗೆ ಎಣ್ಣೆ ಹಚ್ಚಿ ನೀರು ಎರೆದವಳು ಆಕೆಯೇ. ಎರಡನೆಯ ಇಯತ್ತೆಗೆ ಸಾಲಿ ಬಿಟ್ಟಿದ್ದಳು, ಆದರೆ ಯಾರ ಕೂಸಿಗೆ ಯಾವ ಅಮಾವಾಸ್ಯೆಯ ಹಿಂದುಮುಂದು ಎರೆದೆ, ಅವತ್ತು ಅವರ ಮನೆಯಲ್ಲಿ ಏನು ಅಡುಗೆ ಮಾಡಿದ್ದರು ಎಂಬುದೆಲ್ಲ ತಲೆಯಲ್ಲಿ ಅಚ್ಚೊತ್ತಿದಂತೆ ಇರುತ್ತಿತ್ತು. ಅದರಲ್ಲೂ ಆಕೆಯ ಹೆಸರು ನಿಂತದ್ದು ಬಲಗೈ ಹೆಬ್ಬೆರಳಿನ ಮೇಲೆ. ಎರೆದ ಮೇಲೆ ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಹೆಬ್ಬೆರಳಿನಿಂದ ಮೂಗಿನ ಎರಡೂ ಬದಿ ತೀಡಿ, ಗದ್ದ ಒತ್ತಿ, ಮುಖಕ್ಕೊಂದು ಆಕಾರ ತರುತ್ತಿದ್ದಳು. ‘ನೆಟ್ಟನ್ನ ಮೂಗು ಕಂಡರೆ ಅದು ಫಕೀರವ್ವನ ಕೈಯದು’ ಎನ್ನುತ್ತಿದ್ದರು. ಗಂಡ ತೀರಿ ಹದಿನೆಂಟು ವರ್ಷವಾಗಿತ್ತು. ಬೇರೆ ಶುಭಕಾರ್ಯಗಳಲ್ಲಿ ಬದಿಗೆ ನಿಲ್ಲಬೇಕಾದ ವಿಧವೆಯನ್ನು ಕೂಸಿನ ಮನೆಯವರು ಮಾತ್ರ ಹುಡುಕಿಕೊಂಡು ಬರುತ್ತಿದ್ದರು. ‘ಕೈಗುಣ ಚಲೋ ಐತಿ’ ಎಂಬ ಆ ಒಂದು ಮಾತು ಆಕೆಗೆ ಅನ್ನವೂ ಹೌದು, ಮಾನವೂ ಹೌದು. ಈಗ ಮನೆಯಲ್ಲಿ ಹೆರುವವರು ಯಾರಿದ್ದಾರೆ? ಎಲ್ಲರೂ ನರಗುಂದ ರಸ್ತೆಯ ಆ ಹನ್ನೆರಡು ಮಂಚದ ಹೆರಿಗೆ ದವಾಖಾನೆಗೇ ಹೋಗುವವರು. ಅಲ್ಲಿಯ ಬಾಗಿಲು ಮುಚ್ಚಿದರೆ ಆಕೆಗೆ ಊರೇ ಮುಚ್ಚಿದಂತೆ.

‘ಕೆಲಸ ತನಗೇ ಬರಲಿ ಅಂತ ಹೂಡಿದ ಆಟ ಇದು’ ಎಂದುಕೊಂಡಳು ಫಕೀರವ್ವ.

ಮರುದಿನ ಎಣ್ಣೆಯ ಬಟ್ಟಲು, ಬಜೆಬೇರು ಇಟ್ಟುಕೊಂಡ ಪುಟ್ಟಿ ಹಿಡಿದು ದವಾಖಾನೆಗೆ ಹೋದಳು. ವಾರ್ಡಿನ ಬಾಗಿಲಲ್ಲಿ ಒಬ್ಬ ಸಣಕಲು ಹೆಂಗಸು ಸ್ಟೂಲಿನ ಮೇಲೆ ಕುಳಿತಿದ್ದಳು. ವಯಸ್ಸು ಅರವತ್ತರ ಹತ್ತಿರ. ಸೆರಗು ತಲೆಯ ಮೇಲೆ, ತೋಳು ಮೊಣಕೈವರೆಗೆ ಮಡಚಿದ್ದು. ಬಂದವರ ಮುಖ ನೋಡಲಿಲ್ಲ, ಸೀದಾ ಕೈ ನೋಡಿದಳು.

“ಯಾರ್ರಿ ನೀವು?”

“ಊರಿಗೆಲ್ಲಾ ಗೊತ್ತಿರೋ ಕೈ ಇದು. ನಿನಗ ಗೊತ್ತಿಲ್ಲಂದ್ರ ನೀನ ಹೊಸಬಿ. ಎರಿಯೋ ಫಕೀರವ್ವ.”

“ಹೌದೇನ್ರಿ ಅಕ್ಕಾರ? ಊರಿಗೆಲ್ಲಾ ಗೊತ್ತಿರೋ ಕೈ ಅಂದ್ರ ಊರನ್ನೆಲ್ಲಾ ಮುಟ್ಟಿ ಬಂದ ಕೈ. ಅಗಾ, ಅಲ್ಲೆ ನಳ ಐತಿ.”

ಒಳಗಿದ್ದ ಬಾಣಂತಿಯರು ಕಿಸಕ್ಕನೆ ನಕ್ಕರು. ಫಕೀರವ್ವ ಹಲ್ಲು ಕಚ್ಚಿಕೊಂಡು ನಳದ ಕೆಳಗೆ ಕೈ ಹಿಡಿದಳು. ಹಸನಬಿ ಬೆನ್ನಿಗೇ ನಿಂತಿದ್ದಳು. ಬೆರಳ ಸಂದಿ, ಉಗುರ ಬುಡ, ಮಣಿಕಟ್ಟು ಎಂದು ಒಂದೊಂದೇ ಹೇಳಿ ತೊಳೆಸಿದಳು. ಆಮೇಲೆ ಒರೆಸಲು ಬಿಡದೆ ಎಡಗೈ ಹಿಡಿದು, ನಾಲ್ಕು ಬೆರಳು ಕೂಡಿಸಿ, ಹೆಬ್ಬೆರಳ ಗಂಟನ್ನು ಮೆಲ್ಲಗೆ ಒಳಗೆ ಅದುಮಿ ನೋಡಿದಳು. ಫಕೀರವ್ವ ಬೆಂಕಿ ಮುಟ್ಟಿದವಳಂತೆ ಕೈ ಕಿತ್ತುಕೊಂಡಳು. ಹಾಗೆ ಅದುಮುವುದು ಬಳೆ ಇಡುವವರು ಮಾತ್ರ. ಹದಿನೆಂಟು ವರ್ಷದಲ್ಲಿ ಯಾರೂ ಆ ಕೈಯನ್ನು ಹಾಗೆ ಹಿಡಿದಿರಲಿಲ್ಲ.

“ಬಳಿ ಇಡೋಹಂಗ ಹಿಡದೀಯಲ್ಲ, ನಾ ಗಂಡ ಸತ್ತಾಕಿ ಅನ್ನೂದು ಕಾಣಂಗಿಲ್ಲೇನ ನಿನಗ?”

“ಕಾಣತೈತ್ರಿ. ಬರೇ ಕೈ ಚಲೋ. ಸಾಬಾಣ ಎಲ್ಲಾ ಕಡೆ ಮುಟ್ಟತೈತಿ.”

ಬರಿಗೈಯನ್ನು ಚಲೋ ಎಂದವರನ್ನು ಫಕೀರವ್ವ ಅದೇ ಮೊದಲು ಕಂಡದ್ದು. ಅಣಕವೋ, ನಿಜವೋ ತಿಳಿಯಲಿಲ್ಲ. ತಿಳಿಯದ್ದನ್ನು ಆಕೆ ಅಣಕ ಎಂದೇ ಲೆಕ್ಕ ಹಿಡಿಯುವವಳು.

ಅಂದಿನಿಂದ ಇಬ್ಬರೂ ಒಬ್ಬರನ್ನೊಬ್ಬರು ಕಾಯತೊಡಗಿದರು. ಹಸನಬಿ ಈಕೆಯ ಕೈ ಕಾದರೆ, ಈಕೆ ಹಸನಬಿಯ ಹೆಜ್ಜೆ ಕಾದಳು. ನರೇಗಲ್ಲಿನ ತನ್ನ ಬೀಗರಿಂದ ಹಸನಬಿಯ ಬುಡ ತಿಳಿಯಿತು. ಹುಟ್ಟಿದ್ದು ಮೆಣಸಗಿಯಲ್ಲಿ, ಕೊಟ್ಟದ್ದು ನರೇಗಲ್ಲಿನ ಬಳೆಗಾರ ಕಾಶೀಂಸಾಬನಿಗೆ. ಗಂಡ ಹೆಂಡತಿ ಇಬ್ಬರೂ ಬಳೆಯ ಮಲಾರ ಹೊತ್ತು ಸಂತೆ ಸಂತೆ ತಿರುಗಿದವರು. ಇದ್ದೊಬ್ಬ ಮಗಳು ಜಬೀನ ಚೊಚ್ಚಲ ಹೆರಿಗೆಯಲ್ಲಿ ತೀರಿದಳು. ಆ ಹೆರಿಗೆಯ ಹೆಣ್ಣುಕೂಸು ತಬಸ್ಸುಮಳನ್ನು ಸಾಕಿದವಳು ಹಸನಬಿ. ಮಗಳು ಸತ್ತ ವರ್ಷವೇ ಮಲಾರ ಕೆಳಗಿಟ್ಟು ಗಜೇಂದ್ರಗಡದ ಒಂದು ದವಾಖಾನೆಯಲ್ಲಿ ಆಯಾ ಆದಳು. ಹದಿನೇಳು ವರ್ಷ ಅಲ್ಲಿ ದುಡಿದು, ಗಂಡ ಹೋದ ಮೇಲೆ ಇಲ್ಲಿಗೆ ಬಂದಳು.

‘ಬಳಿ ಇಡಸೋಕಿ ಬಳಿ ತಗಸಾಕ ಯಾಕ ಬಂದ್ಲು?’ ಫಕೀರವ್ವನಿಗೆ ಇದೊಂದು ಮುಳ್ಳಾಗಿ ನಿಂತಿತು.

ಬಳೆ ಒಡೆದರೂ ‘ಹೆಚ್ಚಿದವು’ ಎನ್ನುವ ಮಂದಿ ನಾವು. ಅಂಥವರ ಕೈಯಿಂದ ಬಳೆ ತೆಗೆಸುವುದು ಹುಡುಗಾಟವಲ್ಲ. ಆದರೂ ಎರಡು ತಿಂಗಳಲ್ಲಿ ಹೆಂಗಸರು ತಾವಾಗಿ ಕೈ ಚಾಚತೊಡಗಿದ್ದನ್ನು ಫಕೀರವ್ವ ಕಣ್ಣಾರೆ ಕಂಡಳು. ಸಡಿಲ ಇದ್ದವನ್ನು ಹಸನಬಿ ಮೊಣಕೈ ಮೇಲೇರಿಸಿ ಬಿಳಿ ಪಟ್ಟಿಯಿಂದ ಕಟ್ಟುತ್ತಿದ್ದಳು. ಬಿಗಿ ಇದ್ದವನ್ನು ಸಾಬೂನಿನ ನೊರೆ ಹಚ್ಚಿ, ಒಂದೂ ಬಿರುಕು ಬಿಡದಂತೆ ಜಾರಿಸಿ, ಕೂಸನ್ನು ನೋಡಿ ಬಂದ ಕೂಡಲೇ ತಾನೇ ತಿರುಗಿ ಇಡುತ್ತಿದ್ದಳು. “ತಗದದ್ದಲ್ಲವ್ವಾ ಇದು, ಹೊಸದಾಗಿ ಇಟ್ಟದ್ದು ಅಂತ ತಿಳೀರಿ. ಬಳಿಗಾರ್ತಿ ಇಟ್ಟ ಮ್ಯಾಲೆ ಹಳೇದೂ ಹೊಸದ” ಎನ್ನುತ್ತಿದ್ದಳು. ಹೆಂಗಸರು ರೂಢಿಯಂತೆ ಆಕೆಗೆ ಕೈ ಮುಗಿದು ಹೋಗುತ್ತಿದ್ದರು. ಡಾಕ್ಟರಿಗೂ ಸಿಸ್ಟರಿಗೂ ಆಗದ ಕೆಲಸ ಆಕೆಯಿಂದ ಆಗುತ್ತಿತ್ತು. ಬಂಗಾರದ ಬಳೆ, ಬಿಲ್ವಾರವನ್ನು ಮಾತ್ರ ತಾನು ಮುಟ್ಟುತ್ತಿರಲಿಲ್ಲ. ‘ಗಂಡನ ಕೈಯಾಗ ಕೊಟ್ಟು ಬರ್ರಿ’ ಎನ್ನುತ್ತಿದ್ದಳು.

ಇದರಲ್ಲೂ ಏನೋ ಮಸಲತ್ತು ಇರಲೇಬೇಕೆಂದು ಫಕೀರವ್ವ ಹುಡುಕಿದಳು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಹಸನಬಿ ದಿನಾ ಮಧ್ಯಾಹ್ನ ಒಂದು ಬಟ್ಟೆಯ ಗಂಟು ಕಂಕುಳಲ್ಲಿಟ್ಟುಕೊಂಡು ಮನೆಗೆ ಹೋಗುತ್ತಿದ್ದಳು. ‘ದವಾಖಾನೆಯ ಬಟ್ಟೆ ಹೊರತಾಳ’ ಎಂದು ಫಕೀರವ್ವ ಒಂದು ದಿನ ಬೆನ್ನು ಹತ್ತಿದಳು. ನೋಡಿದರೆ ಹಿತ್ತಲಲ್ಲಿ ಮೂರು ಕಲ್ಲಿನ ಮೇಲೆ ಹಂಡೆ, ಅದರಲ್ಲಿ ಕುದಿಯುತ್ತಿರುವುದು ಹಳೆಯ ಧೋತರ, ಹಳೆಯ ಸೀರೆ. ಹುಟ್ಟಿದ ಕೂಸನ್ನು ಮೊದಲು ಸುತ್ತುವುದು ಮನೆಯಲ್ಲಿ ಬಾಳಿ ಬದುಕಿದ ಹಿರಿಯರ ಹಳೆಯ ಬಟ್ಟೆಯಲ್ಲಿ. ಅವರ ಆಯುಷ್ಯ ಕೂಸಿಗೆ ಬರಲಿ ಎಂದು. ಅದು ಎಷ್ಟೋ ವರ್ಷ ಟ್ರಂಕಿನಲ್ಲಿ ಬಿದ್ದ ಬಟ್ಟೆ. ಹಸನಬಿ ಬೇಡ ಎನ್ನಲಿಲ್ಲ. ‘ಎಂಟು ದಿನ ಮೊದಲ ತಂದ ಕೊಡ್ರಿ’ ಎಂದು ಇಸಿದುಕೊಂಡು, ಕುದಿಸಿ, ಬಿಸಿಲಿಗೆ ಹಾಕಿ, ಮಡಚಿ ತಿರುಗಿ ಕೊಡುತ್ತಿದ್ದಳು.

ಬೇಲಿಯಾಚೆ ನಿಂತವಳನ್ನು ಹಸನಬಿ ಕಂಡಳು. “ಒಳಗ ಬರ್ರಿ ಅಕ್ಕಾರ. ಮುಳ್ಳಾಗ ಯಾಕ ನಿಂತೀರಿ? ಕಳ್ಳತನ ನೋಡಾಕ ಬಂದ್ರ ಹತ್ತರದಿಂದನ ನೋಡ್ರಿ.”

ಫಕೀರವ್ವನಿಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಎಮ್ಮೆ ಹುಡುಕಲು ಬಂದಿದ್ದೆ ಎಂದಳು. ಎಮ್ಮೆ ಮಾರಿ ಆರು ವರ್ಷವಾಗಿತ್ತು.

ಹೀಗಿರಲಾಗಿ ಶ್ರಾವಣ ಬಂತು. ನಾಗರಪಂಚಮಿಯ ದಿನ ಜೋಳದ ದಂಟು ಮುರಿಯುವಾಗ ಫಕೀರವ್ವನ ಬಲಗೈ ಹೆಬ್ಬೆರಳ ಉಗುರ ಸಂದಿಗೆ ಒಂದು ಸಿಬಿರು ಚುಚ್ಚಿತು. ಮರುದಿನಕ್ಕೆ ಉಗುರುಸುತ್ತು ಆಗಿ, ಬೆರಳು ಬದನೆಕಾಯಿಯಂತೆ ಊದಿತು. ಎಲ್ಲರೂ ಮಾಡುವಂತೆ ಒಂದು ಲಿಂಬೆಹಣ್ಣಿಗೆ ತೂತು ಮಾಡಿ ಬೆರಳಿಗೆ ಟೊಪ್ಪಿಗೆ ಹಾಕಿಕೊಂಡಳು. ಎರಡು ದಿನಕ್ಕೆ ನೋವು ಇಳಿಯಿತು, ಕೀವು ಮಾತ್ರ ಒಸರುತ್ತಿತ್ತು.

ಅದೇ ಹೊತ್ತಿಗೆ ಯಮನೂರಪ್ಪನ ಸೊಸೆ ಹೆತ್ತಳು. ಗಂಡುಕೂಸು. ದ್ಯಾಮವ್ವ ಓಡಿ ಬಂದಳು. “ನಾಳೆಯಿಂದ ನೀನ ಎರೀಬೇಕು ನೋಡ್ವಾ. ನಮ್ಮ ಮನಿ ಗಂಡಸರದೆಲ್ಲಾ ಮೂಗಂದ್ರ ಒತ್ತಿದ ಹೋಳಿಗಿ ಇದ್ದಂಗ ಅದಾವ. ಇವಂದರೆ ನೆಟ್ಟಗ ಮಾಡು.”

ಹೋಗದಿದ್ದರೆ? ಬೇರೆ ಯಾರನ್ನಾದರೂ ಕರೆಯುತ್ತಾರೆ. ಒಮ್ಮೆ ಹೋದ ಮನೆ ತಿರುಗಿ ಬರುವುದಿಲ್ಲ. ಬೆರಳಿನ ವಿಷಯ ಹೇಳಿದರೆ ಆ ಹಸನಬಿಗೆ ಬೇಕಾದದ್ದೂ ಅದೇ. ಫಕೀರವ್ವ ಲಿಂಬೆಯ ಟೊಪ್ಪಿಗೆ ತೆಗೆದಿಟ್ಟು, ಅರಿಷಿಣ ಸವರಿ ಒರೆಸಿಕೊಂಡು ಹೋದಳು.

ಬಾಗಿಲಲ್ಲಿ ಎಡಗೈ ತೋರಿಸಿದಳು.

“ಆ ಕೈ?”

“ಪುಟ್ಟಿ ಹಿಡದೈತಿ, ಕಾಣಂಗಿಲ್ಲೇನ? ಇದರ ಜೋಡಿ ಹುಟ್ಟಿದ್ದ ಅದು. ಬ್ಯಾರೇದಲ್ಲ.”

ಹಸನಬಿ ಬಾಯಿ ತೆರೆಯುವಷ್ಟರಲ್ಲಿ ಒಳಗೆ ಹೆರಿಗೆ ಕೋಣೆಯಿಂದ ಕೂಗು ಬಂತು. ಆಕೆ ಅತ್ತ ಓಡಿದಳು. ಫಕೀರವ್ವ ಇತ್ತ ಒಳಗೆ ನುಸುಳಿದಳು. ಮರುದಿನದಿಂದ ಹಸನಬಿ ಹಿತ್ತಲಲ್ಲಿ ಬಟ್ಟೆ ಒಣಹಾಕುವ ಹೊತ್ತನ್ನೇ ನೋಡಿಕೊಂಡು ಫಕೀರವ್ವ ಬಂದಳು. ನಾಲ್ಕು ದಿನ, ಮೂರು ಕೂಸು. ರಾತ್ರಿ ಮಾತ್ರ ಬೆರಳಿಗೆ ಮತ್ತೆ ಲಿಂಬೆಯ ಟೊಪ್ಪಿಗೆ.

ಐದನೆಯ ದಿನ ಯಮನೂರಪ್ಪನ ಮೊಮ್ಮಗನ ಮುಖದ ಮೇಲೆ ನೀರುಗುಳ್ಳೆ ಎದ್ದವು. ಸಂಜೆಗೆ ಅವು ಕೀವಾದವು. ಮರುದಿನ ಮತ್ತೆರಡು ಕೂಸಿಗೆ. ದ್ಯಾಮವ್ವನ ಮೊಮ್ಮಗ ಹಾಲು ಬಿಟ್ಟಿತು, ಮೈ ಕೆಂಡವಾಯಿತು, ಅದನ್ನು ಗದಗಿಗೆ ಕರೆದೊಯ್ದರು. ಅನಘಾ ಡಾಕ್ಟರು ವಾರ್ಡಿನ ನಡುವೆ ನಿಂತು ಎಲ್ಲರಿಗೂ ಕೇಳುವಂತೆ ಹೇಳಿದರು:

“ಇದು ತಾನ ಹುಟ್ಟೂದಲ್ಲ. ಯಾರದರೆ ಕೈಯಿಂದನ ಬಂದದ. ನನ್ನ ಕೈ, ಸಿಸ್ಟರ ಕೈ, ಆಯಾನ ಕೈ, ಎಲ್ಲಾರದೂ ಪರೀಕ್ಷಾ ಆಗಬೇಕು.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಮೂಲೆಯಲ್ಲಿ ನಿಂತ ಫಕೀರವ್ವನ ಹೆಬ್ಬೆರಳು ತಾನಾಗಿ ಮುಷ್ಟಿಯೊಳಗೆ ಸೇರಿಕೊಂಡಿತು. ಆಕೆಯ ಕೈಯನ್ನು ಯಾರೂ ಕೇಳಲಿಲ್ಲ. ಆಕೆ ದವಾಖಾನೆಯ ಪಗಾರದವಳಲ್ಲ. ಹಸನಬಿ ಮಾತ್ರ ಒಂದು ಗಳಿಗೆ ಈ ಕಡೆ ನೋಡಿ, ಕಣ್ಣು ಕೆಳಗೆ ಹಾಕಿದಳು.

ಊರಿಗೆ ಪರೀಕ್ಷೆಯ ಕಾಗದ ಬೇಕಿರಲಿಲ್ಲ. ‘ಬಳಿ ಬಿಚ್ಚಸೋಕಿ ಬಂದ ಮ್ಯಾಲೆ ಇದೆಲ್ಲಾ ಆದದ್ದು’, ‘ಹಿರಿಯರ ಬಟ್ಟಿ ಒಯ್ದು ಏನೋ ಮಾಡತಿದ್ಲು’, ‘ಎಲ್ಲಾ ಕೂಸಿನ ಬಟ್ಟಿ ಮುಟ್ಟೋಕಿ ಆಕಿನ’ — ಓಣಿಯ ಕಟ್ಟೆಯ ಮೇಲೆ ಎರಡು ದಿನ ಇದೇ ಮಾತು. ಮೊದಲ ದಿನ ಫಕೀರವ್ವನೂ ತಲೆಯಾಡಿಸಿದಳು. ಆಕೆಯ ಮನಸ್ಸಿನಲ್ಲೂ ಅದು ಹಸನಬಿಯ ಕೈಯೇ. ಆಗಲೇಬೇಕು.

ಎರಡನೆಯ ದಿನ ಮಧ್ಯಾಹ್ನ ಯಮನೂರಪ್ಪ ಬಂದ. “ಫಕೀರವ್ವಕ್ಕಾ, ನಾಳೆ ಮುಂಜಾನೆ ಡಾಕ್ಟರ ಹತ್ರ ಹೋಗೂದೈತಿ. ಆಕಿನ್ನ ತಗೀರಿ ಅಂತ ನಾವು ಹೇಳತೀವಿ. ನೀ ಒಂದ ಮಾತು ಹೌದು ಅಂದ್ರ ಸಾಕು. ನಿನ್ನ ಮಾತಿಗೆ ತೂಕ ಐತಿ.”

“ಮೊಮ್ಮಗ ಹೆಂಗದಾನ?”

“ಮೂಗಿನ ಎರಡೂ ಕಡೆ, ಇಲ್ಲಿ ಗದ್ದದ ಕೆಳಗ, ಹರದ ಹಣ್ಣಾಗೈತಿ. ನೋಡಾಕ ಆಗೂದಿಲ್ಲ” ಎಂದು ಆತ ಪಂಜೆಯ ತುದಿಯಿಂದ ಕಣ್ಣು ಒರೆಸಿಕೊಂಡು ಹೋದ.

ಮೂಗಿನ ಎರಡೂ ಕಡೆ. ಗದ್ದದ ಕೆಳಗೆ.

ಫಕೀರವ್ವ ಹೊಸ್ತಿಲ ಮೇಲೆ ಕುಳಿತಳು. ಕಣ್ಣು ಮುಚ್ಚಿದರೆ ತನ್ನ ಕೈ ಹೋಗುವ ದಾರಿ ಕಾಣುತ್ತಿತ್ತು. ಹುಬ್ಬಿನಿಂದ ಕೆಳಗೆ ಎರಡು ಬದಿ, ಮೂರು ಸಲ, ಆಮೇಲೆ ಗದ್ದ. ಆ ತಿಂಗಳು ಎರೆದ ಕೂಸುಗಳು ಐದು. ಪಂಚಮಿಯ ಮೊದಲು ಎರಡು: ಅವೆರಡೂ ಹೂವಿನಂತೆ ಇವೆ. ಪಂಚಮಿಯ ನಂತರ ಮೂರು. ಅವು ಮೂರೇ. ‘ಲಿಂಬೆ ಎಲ್ಲಾ ನಂಜು ಎಳೆದಿರಬೇಕು’ ಎಂದು ತನಗೇ ವಾದ ಮಾಡಿದಳು. ‘ಅರಿಷಿಣ ಹಚ್ಚಿದ್ದೆ’ ಎಂದಳು. ‘ಹಸನಬಿಯೂ ಮುಟ್ಟಿದ್ದಾಳೆ’ ಎಂದಳು. ಆದರೆ ಹಸನಬಿ ಮೂಗು ತೀಡುವುದಿಲ್ಲ. ಈ ನಾಲ್ಕು ತಿಂಗಳಲ್ಲಿ ಆಕೆ ಸಂಶಯ ಪಡದ ಜಾಗವೇ ಉಳಿದಿರಲಿಲ್ಲ, ತನ್ನ ಮಡಿಲಲ್ಲಿದ್ದ ಈ ಒಂದು ಕೈಯನ್ನು ಬಿಟ್ಟು. ಅದನ್ನೀಗ ನೋಡಿದರೆ ಬೇರೆ ಯಾರದೋ ಕೈ ತಂದು ಅಂಟಿಸಿದಂತೆ ಕಂಡಿತು.

ಹೇಳದಿದ್ದರೆ ಯಾರಿಗೂ ತಿಳಿಯುವುದಿಲ್ಲ. ಇನ್ನು ನಾಲ್ಕು ದಿನಕ್ಕೆ ಬೆರಳು ಮಾಯುತ್ತದೆ, ಹೆಸರು ಉಳಿಯುತ್ತದೆ. ಹೇಳಿದರೆ ನಲವತ್ತು ವರ್ಷ ಒಂದೇ ದಿನಕ್ಕೆ ಹೋಗುತ್ತದೆ.

ಮರುದಿನ ಡಾಕ್ಟರ ಕೋಣೆಯಲ್ಲಿ ಯಮನೂರಪ್ಪ, ದ್ಯಾಮವ್ವ, ಓಣಿಯ ನಾಲ್ಕು ಮಂದಿ. ಹಸನಬಿ ಗೋಡೆಗೆ ಆತು ನಿಂತಿದ್ದಳು.

“ಬಾಯಾರ, ಈಕಿನ್ನ ಇವತ್ತ ತಗೀರಿ” ಎಂದ ಯಮನೂರಪ್ಪ. “ಇಲ್ಲಂದ್ರ ಓಣಿ ಓಣಿನ ಬಂದು ನಿಮ್ಮ ಬಾಗಲದಾಗ ಕುಂದರತೈತಿ. ನಮ್ಮ ಮಾತು ಬ್ಯಾಡ, ಫಕೀರವ್ವಕ್ಕಗ ಕೇಳ್ರಿ.”

ಡಾಕ್ಟರು ದಣಿದಿದ್ದರು. “ಹೇಳ್ರಿ ಅಜ್ಜಿ.”

ಫಕೀರವ್ವ ಹಸನಬಿಯತ್ತ ನೋಡಿದಳು. ಆ ಹೆಂಗಸು ಬೇಡಿಕೊಳ್ಳುವವಳಂತೆಯೂ ಇರಲಿಲ್ಲ, ಸಿಟ್ಟಾದವಳಂತೆಯೂ ಇರಲಿಲ್ಲ. ಯಾವುದೋ ಬರಬೇಕಾದದ್ದು ಬಂತು ಎಂಬಂತೆ ನಿಂತಿದ್ದಳು. ಫಕೀರವ್ವ ಮೇಜಿನ ಮೇಲೆ ಬಲಗೈ ಇಟ್ಟು ಮುಷ್ಟಿ ಬಿಚ್ಚಿದಳು.

“ನನ್ನ ಹೆಬ್ಬಟ್ಟು ನೋಡ್ರಿ ಬಾಯಾರ. ಪಂಚಮಿಗೆ ಚುಚ್ಚಿದ್ದು. ಮೂರೂ ಕೂಸಿನ ಮೂಗು ಇದರಿಂದನ ತೀಡೀನಿ. ಈಕಿ ಬಲಗೈ ಕೇಳಿದ್ಲು, ನಾ ತೋರಸಲಿಲ್ಲ.”

ದ್ಯಾಮವ್ವ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಯಮನೂರಪ್ಪ ಬೈಯುತ್ತಾನೆಂದು ಫಕೀರವ್ವ ಕಾದಳು. ಆತ ಬೈಯಲಿಲ್ಲ. “ಕೈಗುಣ ಚಲೋ ಐತಿ ಅಂತ ನಾವ ಕರದೀವಲ್ಲ ನಿನ್ನ” ಎಂದಷ್ಟೇ ಹೇಳಿ ಹೊರಗೆ ಹೋದ. ಬೈದಿದ್ದರೆ ಚೆನ್ನಾಗಿತ್ತು. ಡಾಕ್ಟರು ಕೀವನ್ನು ಹತ್ತಿಯಲ್ಲಿ ಒರೆಸಿ ಪರೀಕ್ಷೆಗೆ ಕಳಿಸಿದರು. ಮೂರು ದಿನಕ್ಕೆ ಬಂದ ಕಾಗದವೂ ಅದನ್ನೇ ಹೇಳಿತು: ಗುಳ್ಳೆಯ ಕ್ರಿಮಿ, ಬೆರಳಿನ ಕ್ರಿಮಿ ಎರಡೂ ಒಂದೇ ಜಾತಿ. ಯಮನೂರಪ್ಪನ ಮೊಮ್ಮಗ ಹತ್ತು ದಿನಕ್ಕೆ ಉಷಾರಾಗಿ ಮನೆಗೆ ಬಂತು. ಆ ಸುದ್ದಿ ಫಕೀರವ್ವನಿಗೆ ಗೋಡೆಯಾಚೆಯ ಅಳುವಿನಿಂದ ತಿಳಿಯಿತೇ ಹೊರತು ಯಾರೂ ಬಂದು ಹೇಳಲಿಲ್ಲ.

ಅಲ್ಲಿಂದ ಮುಂದೆ ಯಾರೂ ಎರೆಯಲು ಕರೆಯಲಿಲ್ಲ. ನಳದ ಹತ್ತಿರ ಹೋದರೆ ಹೆಂಗಸರು ಕೊಡ ಸರಿಸಿಕೊಳ್ಳುತ್ತಿದ್ದರು. ಹದಿನೈದು ದಿನ ಕಳೆದ ಮೇಲೆ ಒಂದು ಮುಂಜಾನೆ ಹಸನಬಿ ಬಾಗಿಲಲ್ಲಿ ನಿಂತಿದ್ದಳು. ‘ಗೆದ್ದೆ ಅಂತ ತೋರಿಸಾಕ ಬಂದಾಳ’ ಎಂದುಕೊಂಡಳು ಫಕೀರವ್ವ.

“ಬೆರಳು ತೋರಸ್ರಿ” ಎಂದಳು ಹಸನಬಿ. ನೋಡಿದಳು. “ಮಾದೈತಿ.” ಆಮೇಲೆ ಹೇಳದೆಯೇ ಕಟ್ಟೆಯ ಮೇಲೆ ಕುಳಿತಳು.

“ನಿನಗ ಗೊತ್ತಿತ್ತಲ್ಲ?” ಫಕೀರವ್ವ ಕೇಳಿದಳು. “ಡಾಕ್ಟರು ಹೇಳೋ ಮುಂದ ನನ್ನ ಕಡೆ ನೋಡಿದಿ.”

“ಗುಳ್ಳಿ ಎದ್ದ ದಿನ ನಿಮ್ಮ ಮೈಯಿಂದ ಲಿಂಬಿಹಣ್ಣಿನ ವಾಸನಿ ಬಂತು. ಉಗುರುಸುತ್ತು ಅಂತ ಆಗ ತಿಳೀತು.”

“ಮತ್ತ ಯಾಕ ಹೇಳಲಿಲ್ಲ? ನಿನ್ನ ಕೆಲಸ ಹೋಗತಿತ್ತು.”

“ನನ್ನ ಸರದಿ ಬಂತು ಅನಕೊಂಡೆ” ಎಂದಳು ಹಸನಬಿ. “ನಮ್ಮ ಜಬೀನನ ಹೊಟ್ಟಿ ಕೊಯ್ದು ಕೂಸು ತಗದಿದ್ರು. ಮೂರನೇ ದಿನ, ಅಮ್ಮಾ ಹೊಲಿಗಿ ಭಾಳ ಕೆರಿತೈತಿ ಅಂದ್ಲು. ನಾ ಸಂತಿಯಿಂದ ಹಂಗ ಬಂದಿದ್ದೆ, ನೂರು ಹೆಂಗಸರಿಗೆ ಬಳಿ ಇಟ್ಟ ಕೈ. ಪಟ್ಟಿ ಎತ್ತಿ ಬೆರಳಿಂದ ಸವರಿದೆ. ತಿರುಗಿ ಮುಚ್ಚಿದೆ. ಐದನೇ ದಿನಕ್ಕ ಜ್ವರ, ಒಂಬತ್ತನೇ ದಿನಕ್ಕ ಹೋದ್ಲು. ಪಟ್ಟಿ ಯಾರರೆ ಬಿಚ್ಚಿದ್ರೇನ ಅಂತ ಡಾಕ್ಟರು ಕೇಳಿದ್ರು. ಇಲ್ಲ ಅಂದೆ.”

“ನಿನ್ನ ಕೈಯಿಂದನ ಆತು ಅಂತ ಹೆಂಗ ಗೊತ್ತು?”

“ಗೊತ್ತಿಲ್ಲ. ಅದ ನೋಡ್ರಿ ಅಕ್ಕಾರ, ಇವತ್ತಿಗೂ ಗೊತ್ತಿಲ್ಲ. ಅದಕ್ಕ ಎಲ್ಲಾರ ಕೈ ನೋಡತೀನಿ.” ಆಮೇಲೆ ಹೇಳಿದಳು: “ನಮ್ಮವರು ಗಲಾಟಿ ಮಾಡಿ ಅಲ್ಲಿಯ ಒಬ್ಬಾಕಿ ನರ್ಸ್ ಹುಡಗಿನ್ನ ಕೆಲಸದಿಂದ ತಗಿಸಿದ್ರು. ಆ ಹುಡಗಿ ಅಳಕೋತ ನನ್ನ ಮುಂದನ ಹೋದ್ಲು. ಆಗರೆ ಹೇಳಬಹುದಿತ್ತು. ಒಮ್ಮೆ ಇಲ್ಲ ಅಂದ ಬಾಯಿ ಮತ್ತ ಹೌದು ಅನ್ನೂದಿಲ್ರಿ.”

ಆ ದಿನದ ನಂತರ ಇಬ್ಬರೂ ಗೆಳತಿಯರಾದರು ಎಂದರೆ ಸುಳ್ಳಾದೀತು. ಹಸನಬಿ ಬಂದಾಗಲೆಲ್ಲ ಕೈ ನೋಡುವುದನ್ನು ಬಿಡಲಿಲ್ಲ. ಆಕೆ ಎದ್ದು ಹೋದ ಮೇಲೆ ಫಕೀರವ್ವ ಏನಾದರೂ ಕಡಿಮೆಯಾಗಿದೆಯೇ ಎಂದು ಮನೆ ಒಮ್ಮೆ ನೋಡುವುದನ್ನೂ ಬಿಡಲಿಲ್ಲ. ಆದರೆ ವಾರಕ್ಕೊಮ್ಮೆ ಚಹಾ ಆಗುತ್ತಿತ್ತು. ಓಣಿಯಲ್ಲಿ ಫಕೀರವ್ವನ ಮನೆಯ ಚಹಾ ಕುಡಿಯುತ್ತಿದ್ದವಳು ಆಗ ಅವಳೊಬ್ಬಳೇ.

ಮೂರು ವರ್ಷ ಹೀಗೇ ಹೋದವು. ಮೊಮ್ಮಗಳು ತಬಸ್ಸುಮಳನ್ನು ಗಜೇಂದ್ರಗಡಕ್ಕೆ ಕೊಟ್ಟಾಯಿತು. ಹಸನಬಿಗೆ ಎದೆಬೇನೆ ಹಿಡಿದು, ನಾಲ್ಕು ಹೆಜ್ಜೆಗೆ ಉಸಿರು ಸಾಲದಾದಾಗ ಆಕೆಯೂ ಕೆಲಸ ಬಿಟ್ಟು ಅಲ್ಲಿಗೇ ಹೋದಳು. ಬೇಸಿಗೆಯಲ್ಲಿ ಒಂದು ದಿನ ‘ಫಕೀರವ್ವಕ್ಕಗ ಬಂದ ಹೋಗಾಕ ಹೇಳ್ರಿ’ ಎಂದು ಓಣಿಯ ಅಂಗಡಿಗೆ ಆಕೆಯ ಫೋನು ಬಂತು. ಏನು ಕೆಲಸ ಇಟ್ಟುಕೊಂಡು ಕರೆಯುತ್ತಿದ್ದಾಳೋ ಎಂದು ದಾರಿಯುದ್ದಕ್ಕೂ ಯೋಚಿಸುತ್ತ ಫಕೀರವ್ವ ಬಸ್ಸಿಗೆ ಹೋದಳು.

ಹಸನಬಿ ಗೋಡೆಗೆ ದಿಂಬು ಕೊಟ್ಟು ಕುಳಿತಿದ್ದಳು. ಮುಖ ಇಷ್ಟಾಗಿತ್ತು. ತಬಸ್ಸುಮ ಏಳು ತಿಂಗಳ ಬಸುರಿ, ಮುಖದಲ್ಲಿ ಕಳೆ ತುಂಬಿಕೊಂಡು ಓಡಾಡುತ್ತಿದ್ದಳು.

“ಹೆರಿಗಿಗೆ ಎಲ್ಲಿ ಹೆಸರು ಹಚ್ಚೀಯವಾ?” ಎಂದು ಫಕೀರವ್ವ ಕೇಳಿದಳು.

“ಎಲ್ಲೂ ಇಲ್ರಿ ಅಮ್ಮಾ. ನಾ ದವಾಖಾನಿ ಮೆಟ್ಟಲಾ ಏರೂದಿಲ್ಲ. ನಮ್ಮ ಅಮ್ಮಿನ್ನ ಕೊಂದದ್ದು ದವಾಖಾನಿನ. ಆ ನರ್ಸ್ ಹೊಲಸ ಕೈಲೆ ಮುಟ್ಟಿ ಕೊಂದ್ಲು. ನಮ್ಮ ನಾನಿನ್ನ ಕೇಳ್ರಿ ಬೇಕಾದ್ರ. ಮನ್ಯಾಗ ಹಡೀತೀನಿ, ಸೂಲಗಿತ್ತಿಗೆ ಹೇಳಿ ಇಟ್ಟೀವಿ.”

ಅಜ್ಜಿಯನ್ನು ಕೇಳಬೇಕಿರಲಿಲ್ಲ. ಹಸನಬಿ ಗೋಡೆಯ ಕಡೆ ಮುಖ ಮಾಡಿದ್ದಳು. ಅಂದು ಡಾಕ್ಟರಿಗೆ ಹೇಳಿದ ಆ ‘ಇಲ್ಲ’ ಇಪ್ಪತ್ತು ವರ್ಷ ಬೆಳೆದು ಈ ಹುಡುಗಿಯ ಮುಂದೆ ಅಡ್ಡ ನಿಂತದ್ದು ಫಕೀರವ್ವನಿಗೆ ಕಂಡಿತು.

“ಬೇಟಾ, ಅಂಗಡಿಗೆ ಹೋಗಿ ಸಕ್ಕರಿ ತಗೊಂಬಾ, ಚಹಾ ಮಾಡೂಣು” ಎಂದಳು ಹಸನಬಿ. ಹುಡುಗಿ ಚಪ್ಪಲಿ ಮೆಟ್ಟಿ ಹೊರಗೆ ಹೋದಳು. ಅಡುಗೆಮನೆಯ ಡಬ್ಬಿಯ ತುಂಬ ಸಕ್ಕರೆ ಇದ್ದದ್ದು ಫಕೀರವ್ವ ಕೂತಲ್ಲಿಗೇ ಕಾಣುತ್ತಿತ್ತು.

“ಇದಕ್ಕ ಕರೆಸಿದೇನ ನನ್ನ?”

ಹಸನಬಿ ಆಕೆಯ ಬಲಗೈ ಹಿಡಿದಳು. ನೋಡಲಿಲ್ಲ, ಹಿಡಿದಳು ಅಷ್ಟೇ. ಒಂದೊಂದು ಮಾತಿಗೂ ಉಸಿರು ತೆಗೆದುಕೊಳ್ಳುತ್ತಿದ್ದಳು.

“ಮೂರು ಸಲ ಬಾಯಿತನಾ ಬಂತ್ರಿ. ಆಕಿ ನಾನೀ ಅಂತ ಬಂದು ಬಗಲಿಗೆ ಕುಂತಕೂಡಲೆ ತಿರುಗಿ ಒಳಗ ಹೋತು. ನೀವು ಅವತ್ತ ಅಷ್ಟು ಮಂದಿ ಮುಂದ ಮುಷ್ಟಿ ಬಿಚ್ಚಿದ್ರಿ. ನನ್ನ ಕಡಿಂದ ಆಗೂದಿಲ್ಲ. ಈಗ ಬರತಾಳ ಆಕಿ. ಪಟ್ಟಿ ಎತ್ತಿದ ಕೈ ನರ್ಸಂದಲ್ಲ, ನನ್ನದು ಅಂತ ಆಕಿಗೆ ನೀವ ಹೇಳ್ರಿ ಅಕ್ಕಾರ. ನನ್ನ ಮುಂದನ ಹೇಳ್ರಿ.”